ತಬ್ಬಲಿ ಮರಿಗಳಿಗೆ ತಾಯಾಗುವ ಬಗೆ

ಧರ್ಮದ ಬೇರು ದಯೆಯಲ್ಲಿದೆಯೆಂಬ ಬಸವಣ್ಣನವರ ಉಪದೇಶ ನಮ್ಮ ಮನೆಗಳ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ದಯೆಗೂ ಒಂದು ವಿದ್ಯೆಯುಂಟು. ಆ ವಿದ್ಯೆಯಿಲ್ಲದ ದಯೆ ಒಮ್ಮೊಮ್ಮೆ ಪ್ರಾಣವನ್ನೇ ಕಳೆಯುತ್ತದೆ. ಇದನ್ನು ನಾವು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ, ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಒಂದು ಬೆಕ್ಕಿನ ಮರಿಯಿಂದ.

ಅದು ಆಷಾಢದ ಮಳೆ ಹಿಡಿದಿದ್ದ ಒಂದು ಸಂಜೆ. ನಮ್ಮ ಓಣಿಯಲ್ಲಿ ಓಡಾಡಿಕೊಂಡಿದ್ದ ಬೆಕ್ಕೊಂದು ವಾಹನಕ್ಕೆ ಸಿಕ್ಕಿ ಸತ್ತಿತ್ತು. ಕತ್ತಲಾಗುವ ಹೊತ್ತಿಗೆ ಹಿತ್ತಿಲಿನ ಕೊಟ್ಟಿಗೆಯ ಅಟ್ಟದಿಂದ ಸಣ್ಣದೊಂದು ಅಳು ಕೇಳತೊಡಗಿತು. ಏಣಿ ಹಾಕಿ ನೋಡಿದಾಗ ಒಣಹುಲ್ಲಿನ ನಡುವೆ ಮೂರು ಮರಿಗಳಿದ್ದವು. ಕಣ್ಣು ತೆರೆದಿರಲಿಲ್ಲ, ಹೊಕ್ಕುಳಬಳ್ಳಿಯ ಒಣಗಿದ ತುದಿಯೂ ಉದುರಿರಲಿಲ್ಲ. ಮುಟ್ಟಿದರೆ ಮೈ ತಣ್ಣಗಿತ್ತು. ನಮ್ಮ ತಾಯಿಯವರು ನಮ್ಮೆಲ್ಲರಿಗೂ ಹಾಲೂಡಿಸಿದ್ದ ಹಳೆಯ ಒಳಲೆಯನ್ನು ಪೆಟ್ಟಿಗೆಯಿಂದ ತೆಗೆದರು. ಮನೆಯ ಆಕಳ ಹಾಲನ್ನು ಕಾಯಿಸಿ ಆರಿಸಿ, ಎಳೆಗೂಸನ್ನು ಮಲಗಿಸಿಕೊಳ್ಳುವಂತೆಯೇ ಮರಿಗಳನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಒಂದೊಂದಕ್ಕೂ ಹೊಟ್ಟೆ ತುಂಬುವಷ್ಟು ಕುಡಿಸಿದೆವು. ಪುಣ್ಯದ ಕೆಲಸವಾಯಿತೆಂಬ ಸಮಾಧಾನದಿಂದ ಬುಟ್ಟಿಯನ್ನು ಅಡುಗೆಮನೆಯ ಮೂಲೆಯಲ್ಲಿಟ್ಟು ಮಲಗಿದೆವು.

ಬೆಳಗಿನ ಪೂಜೆಗೆ ಎದ್ದಾಗ ಒಂದು ಮರಿ ಸತ್ತಿತ್ತು. ಉಳಿದೆರಡನ್ನು ಪಶುವೈದ್ಯರ ಬಳಿಗೆ ಒಯ್ದೆವು. ಅವರು ನಡೆದದ್ದನ್ನೆಲ್ಲ ಕೇಳಿಕೊಂಡರು. ನಮ್ಮನ್ನು ಗದರಲಿಲ್ಲ. ನಾವು ಮಾಡಿದ ಮೂರು ತಪ್ಪುಗಳನ್ನು ಮೆಲ್ಲಗೆ ಎಣಿಸಿ ಹೇಳಿದರು: ತಣ್ಣಗಾದ ಮರಿಗೆ ಹಾಲು ಕುಡಿಸಿದ್ದು ಒಂದು, ಅಂಗಾತ ಮಲಗಿಸಿ ಕುಡಿಸಿದ್ದು ಎರಡು, ಆಕಳ ಹಾಲನ್ನು ಕುಡಿಸಿದ್ದು ಮೂರು. ಮೂರನ್ನೂ ನಾವು ಪ್ರೀತಿಯಿಂದಲೇ ಮಾಡಿದ್ದೆವು. ಸತ್ತ ಮರಿಯನ್ನು ಹಿತ್ತಿಲಿನ ಬಿಲ್ವದ ಗಿಡದ ಬುಡದಲ್ಲಿ ಮಣ್ಣು ಮಾಡುವಾಗ ತಾಯಿಯವರು, ಆಸೆ ದೊಡ್ಡದಿತ್ತು, ತಿಳಿವಳಿಕೆ ಸಾಲಲಿಲ್ಲ ಎಂದಷ್ಟೇ ಹೇಳಿದರು.

ಶರಣರು ಅರಿವು ಮತ್ತು ಆಚಾರ ಇವೆರಡನ್ನೂ ಬೇರೆ ಮಾಡಲಿಲ್ಲ. ಅರಿವಿಲ್ಲದ ಆಚಾರ ಕುರುಡು, ಆಚಾರವಿಲ್ಲದ ಅರಿವು ಹೆಳವ. ಇದು ಲಿಂಗಪೂಜೆಗೆ ಹೇಗೋ ಪ್ರಾಣಿದಯೆಗೂ ಹಾಗೆಯೇ ಸಲ್ಲುತ್ತದೆ. ನಮ್ಮ ಮನೆಯಲ್ಲಾದ ತಪ್ಪು ಇನ್ನೊಂದು ಮನೆಯಲ್ಲಾಗದಿರಲಿ ಎಂಬ ಉದ್ದೇಶದಿಂದ, ಅಂದಿನಿಂದ ನಾವು ತಿಳಿದುಕೊಂಡದ್ದನ್ನು ಓದುಗರ ಮುಂದಿಡುತ್ತಿದ್ದೇವೆ.

ಮರಿಗಳು ನಿಜವಾಗಿಯೂ ತಬ್ಬಲಿಗಳೆ?

ಮರಿಗಳು ಕಂಡೊಡನೆ ಎತ್ತಿಕೊಂಡು ಬರುವುದು ಸರಿಯಲ್ಲ. ತಾಯಿ ಬೆಕ್ಕು ಆಹಾರ ಹುಡುಕಲು ಹೋಗಿರಬಹುದು; ಇಲ್ಲವೆ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೊಸ ಜಾಗಕ್ಕೆ ಸಾಗಿಸುತ್ತಿರಬಹುದು. ಬೆಕ್ಕು ಏಳು ಮನೆ ತಿರುಗಿ ಮರಿಗಳನ್ನು ಸಾಕುತ್ತದೆ ಎಂದು ನಮ್ಮ ಹಿರಿಯರು ಹೇಳುವುದುಂಟಲ್ಲವೆ? ಮೈ ಬೆಚ್ಚಗಿದ್ದು, ಹೊಟ್ಟೆ ತುಂಬಿಕೊಂಡು, ಒಂದರ ಮೇಲೊಂದು ಬಿದ್ದು ಸುಮ್ಮನೆ ಮಲಗಿರುವ ಮರಿಗಳಿಗೆ ತಾಯಿಯಿದೆಯೆಂದೇ ತಿಳಿಯಬೇಕು. ಅಂಥವನ್ನು ಮುಟ್ಟದೆ, ದೂರದಲ್ಲಿ ಮರೆಯಾಗಿ ನಿಂತು, ಕೆಲವು ಗಂಟೆಗಳ ಕಾಲ ಕಾದು ನೋಡಬೇಕು. ಮನುಷ್ಯರು ಹತ್ತಿರವಿದ್ದರೆ ತಾಯಿ ಬರುವುದಿಲ್ಲ.

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಮತ್ತೆ ಸೇರಿಸುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ನಿಜವಲ್ಲ. ಅಪಾಯದ ಜಾಗದಲ್ಲಿರುವ ಮರಿಯನ್ನು ಹತ್ತಿರದ ಸುರಕ್ಷಿತ ಸ್ಥಳಕ್ಕೆ ಸರಿಸಿಟ್ಟರೂ ತಾಯಿ ಸಾಮಾನ್ಯವಾಗಿ ಬಂದು ಒಯ್ಯುತ್ತದೆ. ತಾಯಿ ಸತ್ತಿರುವುದು ಖಚಿತವಾದರೆ, ಇಲ್ಲವೆ ಮರಿಗಳು ತಣ್ಣಗಾಗಿ, ಬಿಡದೆ ಅಳುತ್ತ, ಇರುವೆ ಮುತ್ತಿದ ಸ್ಥಿತಿಯಲ್ಲಿದ್ದರೆ ಮಾತ್ರ ನಾವು ಕೈಯಿಕ್ಕಬೇಕು. ಆಗ ತಡಮಾಡಲಾಗದು.

ಆಗಲೂ ಮೊದಲು ಮಾಡಬೇಕಾದ ವಿಚಾರ ಒಂದಿದೆ. ಊರಿನಲ್ಲಿ, ನೆರೆಕೆರೆಯಲ್ಲಿ ಈಚೆಗೆ ಈದ ಬೆಕ್ಕೇನಾದರೂ ಇದೆಯೆ? ಹಾಲೂಡುತ್ತಿರುವ ತಾಯಿ ಬೆಕ್ಕು ತನ್ನ ಮರಿಗಳೊಡನೆ ಬೇರೆ ಮರಿಗಳನ್ನೂ ಸೇರಿಸಿಕೊಳ್ಳುವುದು ಅಪರೂಪವೇನಲ್ಲ. ಮರಿಗಳು ಆರೋಗ್ಯವಾಗಿದ್ದರೆ ಇದಕ್ಕಿಂತ ಮೇಲಾದ ಉಪಾಯ ಇನ್ನೊಂದಿಲ್ಲ. ನಮ್ಮ ಎಷ್ಟೇ ಜಾಣ್ಮೆಯೂ ಒಂದು ತಾಯಿ ಬೆಕ್ಕಿನ ಮಡಿಲಿಗೆ ಸಮನಾಗದು.

ಮೊದಲು ಕಾವು, ಆಮೇಲೆ ಹಾಲು

ಎಳೆಯ ಮರಿಯನ್ನು ಹಸಿವೆಗಿಂತ ಮೊದಲು ಕೊಲ್ಲುವುದು ಚಳಿ. ಹುಟ್ಟಿದ ಮೊದಲ ವಾರದಲ್ಲಿ ಮರಿಗೆ ತನ್ನ ಮೈಯ ಕಾವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ನಡುಗಿ ಬಿಸಿ ಹುಟ್ಟಿಸಿಕೊಳ್ಳುವುದೂ ಅದಕ್ಕೆ ಬಾರದು. ಬೆಳೆದ ಬೆಕ್ಕಿನ ಮೈಕಾವು ಸುಮಾರು ೩೮ರಿಂದ ೩೯ ಡಿಗ್ರಿ ಸೆಲ್ಸಿಯಸ್. ಮೊದಲ ವಾರದ ಮರಿಯದು ೩೫ರಿಂದ ೩೭ ಮಾತ್ರ. ಇದಕ್ಕಿಂತ ಕೆಳಗಿಳಿದರೆ ಮರಿಯ ಕರುಳು ತನ್ನ ಕೆಲಸವನ್ನು ನಿಲ್ಲಿಸುತ್ತದೆ. ಆಗ ಕುಡಿಸಿದ ಹಾಲು ಅರಗದೆ ಹೊಟ್ಟೆಯಲ್ಲೇ ನಿಂತು ಕೆಡುತ್ತದೆ. ನಾವು ಆ ರಾತ್ರಿ ಮಾಡಿದ ಮೊದಲ ತಪ್ಪು ಇದೇ.

ತಣ್ಣಗಾದ ಮರಿಯನ್ನು ಒಮ್ಮೆಲೇ ಬಿಸಿ ಮಾಡುವುದೂ ಅಪಾಯ. ಒಲೆಯ ಮುಂದೆ ಹಿಡಿಯುವುದಾಗಲಿ ಬಿಸಿನೀರಿನಲ್ಲಿ ಅದ್ದುವುದಾಗಲಿ ಸಲ್ಲದು. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ನಮ್ಮ ಎದೆಗವಚಿಕೊಂಡು ನಮ್ಮದೇ ಮೈಕಾವನ್ನು ಕೊಡುವುದು ಎಲ್ಲಕ್ಕಿಂತ ಸುಲಭವಾದ ದಾರಿ. ಒಂದೆರಡು ಗಂಟೆಗಳಲ್ಲಿ ಮರಿ ಮೆಲ್ಲಗೆ ಬೆಚ್ಚಗಾಗಿ ಕೈಕಾಲು ಆಡಿಸುತ್ತದೆ. ಬಾಯಿಗೆ ಬೆರಳಿಟ್ಟರೆ ಚೀಪಲು ತೊಡಗುತ್ತದೆ. ಹಾಲು ಕುಡಿಸುವ ಹೊತ್ತು ಅದು. ಬೆಚ್ಚಗಾದ ಮೇಲೂ ಬಲಹೀನವಾಗಿದ್ದರೆ ಗ್ಲೂಕೋಸ್ ನೀರಿನ ಒಂದು ಹನಿಯನ್ನು ಬೆರಳಿನಿಂದ ವಸಡಿಗೆ ಸವರಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಮರಿಗಳ ಮನೆಗೆ ಒಂದು ರಟ್ಟಿನ ಪೆಟ್ಟಿಗೆ ಅಥವಾ ಬಿದಿರ ಬುಟ್ಟಿ ಸಾಕು. ಹಳೆಯ ಧೋತರ ಅಥವಾ ನೂಲಿನ ಸೀರೆಯನ್ನು ಮಡಿಸಿ ಹಾಸಬೇಕು. ಬಾಟಲಿಗೆ ಬಿಸಿನೀರು ತುಂಬಿ, ಬಿರಡೆ ಬಿಗಿದು, ದಪ್ಪ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಯಲ್ಲಿ ಮಾತ್ರ ಇಡಬೇಕು. ಇನ್ನೊಂದು ಬದಿ ಖಾಲಿ ಇರಲಿ. ಸೆಕೆಯಾದರೆ ಮರಿ ಅತ್ತ ತೆವಳಲು ಜಾಗ ಬೇಕು. ನೀರು ಆರಿದೊಡನೆ ಬದಲಾಯಿಸಬೇಕು. ಆರಿದ ಬಾಟಲಿಯೇ ಮರಿಯ ಕಾವನ್ನು ಹೀರಿಕೊಳ್ಳುತ್ತದೆ. ಮರಿಯ ಸುತ್ತಲಿನ ಗಾಳಿ ಮೊದಲ ವಾರ ಸುಮಾರು ೩೦ರಿಂದ ೩೨ ಡಿಗ್ರಿಯೂ ಎರಡನೆಯ ವಾರ ೨೭ರಿಂದ ೨೯ ಡಿಗ್ರಿಯೂ ಇರುವುದು ಒಳ್ಳೆಯದು. ಕಲಬುರಗಿ, ರಾಯಚೂರಿನ ಕಡೆಯ ಬೇಸಗೆಯಲ್ಲಿ ಬೇರೆ ಕಾವೇ ಬೇಕಾಗದು, ಬದಲಾಗಿ ನೆರಳಿನ ಚಿಂತೆ ಮಾಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಹಗಲಿನಲ್ಲೂ ಬಾಟಲಿ ತಪ್ಪದು. ಮರಿಗಳೇ ಇದನ್ನು ತಿಳಿಸುತ್ತವೆ: ಚಳಿಯಾದರೆ ಒಂದರ ಮೇಲೊಂದು ಒತ್ತಿಕೊಂಡು ಅಳುತ್ತವೆ, ಸೆಕೆಯಾದರೆ ದೂರದೂರ ಚೆಲ್ಲಿಕೊಂಡು ಬಾಯಿ ತೆರೆದು ಉಸಿರಾಡುತ್ತವೆ.

ಯಾವ ಹಾಲು? ಹೇಗೆ?

ಬೆಕ್ಕು ಎಂದೊಡನೆ ನಮಗೆ ನೆನಪಾಗುವುದು ಆಕಳ ಹಾಲಿನ ಬಟ್ಟಲು. ಆದರೆ ಎಳೆಯ ಮರಿಗೆ ಆಕಳ ಹಾಲು ಒಗ್ಗುವುದಿಲ್ಲ. ಆಕಳ ಹಾಲಿನಲ್ಲಿ ನೂರು ಪಾಲಿಗೆ ಮೂರು ಪಾಲಿಗಿಂತ ಸ್ವಲ್ಪ ಹೆಚ್ಚು ಪ್ರೋಟೀನು ಇದ್ದರೆ, ಬೆಕ್ಕಿನ ಹಾಲಿನಲ್ಲಿ ಅದರ ಇಮ್ಮಡಿಗೂ ಮಿಗಿಲು ಇರುತ್ತದೆ. ಕರುವಿಗೆ ಹಿತವಾದದ್ದು ಮರಿಯ ಹೊಟ್ಟೆಯಲ್ಲಿ ಭೇದಿಗೆ ಕಾರಣವಾಗುತ್ತದೆ. ನೂರು ಗ್ರಾಮಿನ ಜೀವಕ್ಕೆ ಭೇದಿಯೆಂದರೆ ಕೆಲವೇ ಗಂಟೆಗಳಲ್ಲಿ ಮೈನೀರೆಲ್ಲ ಬತ್ತಿದಂತೆಯೇ. ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ನಗರಗಳ ಪಶು ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ, ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಬೇಕು. ಹಳ್ಳಿಯಲ್ಲಿ ಅದು ಕೈಗೆ ಸಿಗುವವರೆಗೆ, ಬೇರೆ ಗತಿಯಿಲ್ಲದಾಗ, ಒಂದೆರಡು ಹೊತ್ತಿನ ಮಟ್ಟಿಗೆ ಸಕ್ಕರೆ ಹಾಕದ ಮೇಕೆಯ ಹಾಲನ್ನು ಕೊಡುವ ರೂಢಿಯಿದೆ. ಆದರೆ ಅದು ಪೂರ್ಣ ಆಹಾರವಲ್ಲವೆಂಬುದನ್ನು ಮರೆಯಬಾರದು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಎಲ್ಲರಿಗೂ ಗೊತ್ತು. ಸುಡುವ ಹಾಲಿಗೆ ಬಾಯಿಟ್ಟ ಬೆಕ್ಕು ಮುಂದೆ ಹಾಲು ಕಂಡರೆ ಓಡತೊಡಗಿತಂತೆ. ಮರಿಗೆ ಕೊಡುವ ಹಾಲು ಸುಡಲೂಬಾರದು, ತಣ್ಣಗೂ ಇರಬಾರದು. ಮುಂಗೈಯ ಒಳಭಾಗಕ್ಕೆ ಒಂದು ಹನಿ ಬಿಟ್ಟುಕೊಂಡರೆ ಹಿತವಾಗಿ ಬೆಚ್ಚಗೆನಿಸಬೇಕು. ಉಳಿದ ಹಾಲನ್ನು ಮತ್ತೆ ಕಾಯಿಸಿ ಕೊಡಬಾರದು. ಬಾಟಲಿ, ಮೊಲೆತೊಟ್ಟು, ಪಿಚಕಾರಿ ಎಲ್ಲವನ್ನೂ ಪ್ರತಿ ಸಲವೂ ಬಿಸಿನೀರಿನಲ್ಲಿ ತೊಳೆಯಬೇಕು.

ಇನ್ನು ಕುಡಿಸುವ ರೀತಿ. ತಾಯಿಯ ಮೊಲೆ ಕುಡಿಯುವಾಗ ಮರಿ ಹೊಟ್ಟೆಯ ಮೇಲೆ ಮಲಗಿ ತಲೆಯನ್ನು ತುಸು ಮೇಲೆತ್ತಿರುತ್ತದೆ. ನಾವೂ ಹಾಗೆಯೇ ಕೂರಿಸಿ ಕುಡಿಸಬೇಕು. ಮನುಷ್ಯರ ಕೂಸಿನಂತೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಚಿಕ್ಕ ಮೊಲೆತೊಟ್ಟಿನ ಬಾಟಲಿ ಒಳ್ಳೆಯದು. ಬಾಟಲಿಯನ್ನು ತಲೆಕೆಳಗೆ ಮಾಡಿದರೆ ಹಾಲು ಹನಿಹನಿಯಾಗಿ ಬೀಳಬೇಕೇ ಹೊರತು ಸುರಿಯಬಾರದು. ಬಾಟಲಿ ಸಿಗದಿದ್ದರೆ ಸೂಜಿ ತೆಗೆದ ಪಿಚಕಾರಿಯಿಂದ ಒಂದೊಂದೇ ಹನಿ ನಾಲಿಗೆಗೆ ಬಿಡಬಹುದು. ಬಲವಂತವಾಗಿ ಒತ್ತಿ ಕುಡಿಸುವುದು ಬೇಡ. ಮೂಗಿನಿಂದ ಹಾಲು ಬಂದರೆ ಒಡನೆ ನಿಲ್ಲಿಸಿ, ತಲೆಯನ್ನು ತುಸು ಕೆಳಮುಖ ಮಾಡಿ ಒರೆಸಿ, ಉಸಿರಾಟದಲ್ಲಿ ಏರುಪೇರು ಕಂಡರೆ ವೈದ್ಯರಿಗೆ ತೋರಿಸಬೇಕು.

ನೂರು ಗ್ರಾಮಿನ ಮರಿಯ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದು ಸುಮಾರು ೪ ಮಿಲಿಲೀಟರು ಮಾತ್ರ, ಎಂದರೆ ಒಂದು ಚಹದ ಚಮಚೆಯೂ ತುಂಬದಷ್ಟು. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕೊಡಬೇಕು. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ಎರಡನೆಯ ವಾರ ಮೂರು ನಾಲ್ಕು ಗಂಟೆಗೊಮ್ಮೆ, ಮೂರನೆಯ ವಾರ ನಾಲ್ಕೈದು ಗಂಟೆಗೊಮ್ಮೆ. ರಾತ್ರಿಯೆಂದು ಬಿಡುವಿಲ್ಲ. ಒಬ್ಬರೇ ಹೊತ್ತರೆ ಈ ಭಾರ ಮೂರೇ ದಿನಕ್ಕೆ ಸಾಕೆನಿಸುತ್ತದೆ. ನಮ್ಮ ಮನೆಯಲ್ಲಿ ಮಧ್ಯರಾತ್ರಿಯ ಸರದಿ ನಮ್ಮದು, ನಸುಕಿನದು ತಾಯಿಯವರದು, ಶಾಲೆಯಿಂದ ಬಂದ ಮೇಲಿನದು ಮಕ್ಕಳದು. ಗೋಡೆಗೆ ತೂಗುಹಾಕಿದ ಒಂದು ಹಾಳೆಯಲ್ಲಿ ಯಾರು, ಎಷ್ಟು ಹೊತ್ತಿಗೆ, ಎಷ್ಟು ಹಾಲು ಎಂಬುದನ್ನು ಬರೆಯುತ್ತಿದ್ದೆವು. ಕಾಯಕವೆಂಬ ಮಾತನ್ನು ಮಕ್ಕಳಿಗೆ ಅದಕ್ಕಿಂತ ಚೆನ್ನಾಗಿ ಬೋಧಿಸಲು ನಮಗೆ ಹಿಂದೆಂದೂ ಸಾಧ್ಯವಾಗಿರಲಿಲ್ಲ.

ತಾಯಿಯ ನಾಲಿಗೆಯ ಕೆಲಸ

ತಾಯಿ ಬೆಕ್ಕು ಮರಿಗಳನ್ನು ನೆಕ್ಕುವುದು ಮುದ್ದಿಗಾಗಿ ಮಾತ್ರವಲ್ಲ. ಎಳೆಯ ಮರಿ ತಾನಾಗಿ ಮೂತ್ರ ಮಲ ವಿಸರ್ಜನೆ ಮಾಡಲಾರದು. ತಾಯಿ ನೆಕ್ಕಿದಾಗಲೇ ಅದು ಸಾಧ್ಯವಾಗುವುದು. ಆದ್ದರಿಂದ ಪ್ರತಿ ಸಲ ಹಾಲು ಕುಡಿಸಿದ ಮೇಲೆ ಹತ್ತಿಯ ಉಂಡೆಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಮರಿಯ ಹೊಟ್ಟೆಯ ಕೆಳಭಾಗದಿಂದ ಬಾಲದ ಬುಡದವರೆಗೆ ಮೆಲ್ಲಗೆ ಒರೆಸಬೇಕು. ಒಂದು ನಿಮಿಷದೊಳಗೆ ಮೂತ್ರ ಬರುತ್ತದೆ. ಮಲ ಸಾಸಿವೆಯ ಅರಪಿನ ಬಣ್ಣದಲ್ಲಿ ಮೆತ್ತಗಿದ್ದರೆ ಎಲ್ಲವೂ ಸರಿಯಾಗಿದೆಯೆಂದು ತಿಳಿಯಬಹುದು. ನೀರಿನಂತಿದ್ದರೆ, ಅಥವಾ ಎರಡು ದಿನವಾದರೂ ಮಲವಿಲ್ಲದೆ ಹೊಟ್ಟೆ ಉಬ್ಬಿದ್ದರೆ ವೈದ್ಯರನ್ನು ಕಾಣಬೇಕು. ಮೂರು ವಾರ ಕಳೆಯುತ್ತಿದ್ದಂತೆ ಮರಿಗಳು ಈ ಕೆಲಸವನ್ನು ತಾವೇ ಕಲಿಯುತ್ತವೆ. ಆಗ ಅಂಚು ತಗ್ಗಾದ ತಟ್ಟೆಯಲ್ಲಿ ಮರಳೋ ಮಣ್ಣೋ ಹಾಕಿಟ್ಟರೆ ಸಾಕು.

ಈ ಬಗ್ಗೆ ನಮ್ಮ ಮನೆಗೆ ಬಂದಿದ್ದ ಹಿರಿಯರೊಬ್ಬರು, ಮಲ ಮೂತ್ರ ಮುಟ್ಟಿದ ಕೈಯಿಂದ ಲಿಂಗಪೂಜೆ ಹೇಗೆ ಎಂದು ಕೇಳಿದ್ದುಂಟು. ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು ಎಂಬುದೇ ನಮ್ಮ ಉತ್ತರವಾಗಿತ್ತು. ಜನನ ಮರಣಗಳ ಸೂತಕವೂ ಸೇರಿದಂತೆ ಐದು ಸೂತಕಗಳನ್ನು ಅಲ್ಲಗಳೆದ ಶರಣರ ಸಂತತಿಗೆ ಎಳೆಯ ಮರಿಯ ಸೇವೆಯಲ್ಲಿ ಮೈಲಿಗೆ ಎಲ್ಲಿಂದ ಬಂದೀತು? ಬೆಕ್ಕು ಅಡ್ಡ ಬಂದರೆ ಅಪಶಕುನವೆಂದು ಮನೆಗೆ ಹಿಂದಿರುಗುವ ರೂಢಿಯನ್ನೂ ನಾವು ಈ ನೆಪದಲ್ಲಿ ಬಿಡಬೇಕು. ಶಕುನ, ತಿಥಿ, ನಕ್ಷತ್ರಗಳ ಭಯವನ್ನು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿಯೇ ಶರಣರು ತೊರೆದಿದ್ದರು.

ತೂಕವೇ ಸಾಕ್ಷಿ

ಹುಟ್ಟಿದ ಮರಿಯ ತೂಕ ಸಾಮಾನ್ಯವಾಗಿ ೯೦ರಿಂದ ೧೧೦ ಗ್ರಾಂ. ಚೆನ್ನಾಗಿ ಬೆಳೆಯುವ ಮರಿ ದಿನಕ್ಕೆ ೧೦ರಿಂದ ೧೫ ಗ್ರಾಂ ಏರುತ್ತದೆ. ಎರಡು ವಾರ ತುಂಬುವ ಹೊತ್ತಿಗೆ ಹುಟ್ಟಿದಾಗಿನ ತೂಕ ಇಮ್ಮಡಿಯಾಗಿರಬೇಕು. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಬೇಕು. ಮರಿ ನೋಡಲು ಚುರುಕಾಗಿದ್ದರೂ ಒಂದು ದಿನ ತೂಕ ಇಳಿದರೆ ಅದು ಮೊದಲ ಎಚ್ಚರಿಕೆ. ನಮ್ಮ ಎರಡು ಮರಿಗಳಲ್ಲಿ ಚಿಕ್ಕದು ಆರನೆಯ ದಿನ ೬ ಗ್ರಾಂ ಇಳಿದಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ತಕ್ಕಡಿ ಹೇಳಿದ್ದನ್ನು ನಂಬಿ ಆ ದಿನವೇ ವೈದ್ಯರಲ್ಲಿಗೆ ಒಯ್ದದ್ದರಿಂದ ಅದು ಉಳಿಯಿತು.

ಮೂರರಿಂದ ಐದನೆಯ ದಿನದೊಳಗೆ ಹೊಕ್ಕುಳಬಳ್ಳಿ ಉದುರುತ್ತದೆ. ಏಳರಿಂದ ಹದಿನಾಲ್ಕನೆಯ ದಿನದೊಳಗೆ ಕಣ್ಣು ತೆರೆಯುತ್ತದೆ. ಕಣ್ಣನ್ನು ನಾವು ಬಿಡಿಸಬಾರದು. ಮೊದಲಿಗೆ ಎಲ್ಲ ಮರಿಗಳ ಕಣ್ಣೂ ನೀಲಿಯಾಗಿಯೇ ಇರುತ್ತದೆ. ಮುಚ್ಚಿದ ರೆಪ್ಪೆಯ ಕೆಳಗೆ ಕೀವು ಕಂಡರೆ ಮಾತ್ರ ವೈದ್ಯರಿಗೆ ತೋರಿಸಬೇಕು. ಮೂರನೆಯ ವಾರದಲ್ಲಿ ಎಳೆಹಲ್ಲು ಮೂಡಿ, ತಡವರಿಸುತ್ತ ನಡೆಯತೊಡಗುತ್ತವೆ. ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿ ಬೆಳೆದ ಮರಿ ಜೀವನವಿಡೀ ಮನುಷ್ಯರನ್ನು ನಂಬುತ್ತದೆ. ಒಡಹುಟ್ಟಿದ ಮರಿಗಳನ್ನು ಈ ಕಾಲದಲ್ಲಿ ಅಗಲಿಸಬಾರದು. ಎಷ್ಟು ಜೋರಾಗಿ ಕಚ್ಚಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಮರ್ಯಾದೆಯನ್ನು ಅವು ಒಂದರಿಂದೊಂದು ಕಲಿಯುತ್ತವೆ.

ತಾಯಿಯ ಗಿಣ್ಣುಹಾಲನ್ನು ಮೊದಲ ದಿನವೇ ಕುಡಿಯದ ಮರಿಗೆ ರೋಗಗಳನ್ನು ತಡೆಯುವ ಶಕ್ತಿ ಕಡಿಮೆ. ಆಕಳ ಗಿಣ್ಣು ಅದಕ್ಕೆ ಬದಲಿಯಾಗದು. ಅಂಥ ಮರಿಯನ್ನು ಬೇರೆ ಬೆಕ್ಕುಗಳಿಂದ ದೂರವಿಟ್ಟು ಶುಚಿಯಾಗಿ ಸಾಕಬೇಕು. ಜಂತುಹುಳುವಿನ ಔಷಧವನ್ನು ಎರಡನೆಯ ವಾರದಿಂದಲೇ ಕೊಡುವುದುಂಟು. ಆದರೆ ಅದು ತೂಕ ನೋಡಿ ವೈದ್ಯರೇ ಕೊಡಬೇಕಾದದ್ದು. ಆರರಿಂದ ಎಂಟು ವಾರಕ್ಕೆ ಲಸಿಕೆಗಳು ಆರಂಭವಾಗುತ್ತವೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು.

ಮನೆಯವರಿಗೆ ಕೆಲವು ಎಚ್ಚರಿಕೆಗಳು

ನೆಲ ಒರೆಸುವ ಫಿನಾಯಿಲು ಬೆಕ್ಕಿಗೆ ವಿಷ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯ ಒಂದು ತುಂಡೂ ಮರಿಯನ್ನು ಕೊಲ್ಲಬಲ್ಲದು. ನಾಯಿಗಳಿಗೆ ಹಚ್ಚುವ ಕೆಲವು ಚಿಗಟನಾಶಕ ಔಷಧಗಳೂ ಬೆಕ್ಕಿಗೆ ಮಾರಕ. ಎಳೆಯ ಮರಿಯ ಮೈಮೇಲೆ ಚಿಗಟವಿದ್ದರೆ ಸಣ್ಣ ಹಲ್ಲಿನ ಹೇನಿನ ಬಾಚಣಿಗೆಯಿಂದ ಬಾಚಿ ತೆಗೆಯುವುದೇ ಸುರಕ್ಷಿತ. ತುಂಬ ಚಿಗಟವಿದ್ದರೆ ಮರಿ ರಕ್ತಹೀನತೆಯಿಂದಲೇ ಸಾಯಬಹುದು. ವಸಡು ಬಿಳಿಚಿಕೊಂಡಿದ್ದರೆ ತಡಮಾಡಬೇಡಿ.

ಮನೆಯಲ್ಲಿ ಬಸುರಿ ಹೆಣ್ಣುಮಕ್ಕಳಿದ್ದರೆ ಬೆಕ್ಕಿನ ಮಲದ ತಟ್ಟೆಯನ್ನು ಅವರು ಮುಟ್ಟಬಾರದು. ಬೆಕ್ಕಿನ ಮಲದಲ್ಲಿರಬಹುದಾದ ಒಂದು ಸೂಕ್ಷ್ಮಜೀವಿ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲದು. ಅದು ಹೊರಬಿದ್ದ ಒಂದು ದಿನದ ನಂತರವೇ ಸೋಂಕು ತರುವ ಸ್ಥಿತಿಗೆ ಬರುವುದರಿಂದ, ಮನೆಯ ಬೇರೆಯವರು ತಟ್ಟೆಯನ್ನು ದಿನವೂ ಶುಚಿ ಮಾಡಿದರೆ ಭಯಪಡಬೇಕಾಗಿಲ್ಲ. ಬಸುರಿಯ ಕಾರಣಕ್ಕಾಗಿ ಬೆಕ್ಕನ್ನೇ ಹೊರಹಾಕುವ ಅಗತ್ಯವೂ ಇಲ್ಲ.

ಹೊರಗಿನಿಂದ ತಂದ ಮರಿ ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಆ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಮರಿ ಚಿಕ್ಕದೆಂದು ಉದಾಸೀನ ಮಾಡಬಾರದು. ಅರಿಸಿನ, ಸುಣ್ಣ, ಖಾರಪುಡಿ ಹಚ್ಚುವ ಹಳೆಯ ರೂಢಿ ಖಂಡಿತ ಕೂಡದು.

ಶಾಕಾಹಾರಿ ಮನೆಯ ಧರ್ಮಸಂಕಟ

ನಮ್ಮಂಥ ಮನೆಗಳಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ನಾಲ್ಕನೆಯ ವಾರಕ್ಕೆ ಮರಿ ಹಾಲಿನಿಂದ ಗಟ್ಟಿ ಆಹಾರಕ್ಕೆ ತಿರುಗಬೇಕು. ನಾವು ಅನ್ನ, ಹಾಲು, ಮೊಸರು, ರೊಟ್ಟಿ ಕೊಟ್ಟು ಸಾಕೋಣವೆಂದೇ ಎಣಿಸಿದ್ದೆವು. ವೈದ್ಯರು ಆಗದೆಂದರು. ಹಸುವಿಗೆ ಹುಲ್ಲು ಹೇಗೋ ಬೆಕ್ಕಿಗೆ ಮಾಂಸಾಹಾರ ಹಾಗೆ. ಅದು ಆ ದೇಹದ ರಚನೆಯಲ್ಲೇ ಇದೆ. ಟಾರಿನ್ ಎಂಬ ವಸ್ತುವನ್ನು ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನುಗಳಲ್ಲಿ ಅದು ಇರುತ್ತದೆ, ಧಾನ್ಯ ತರಕಾರಿಗಳಲ್ಲಿ ಇಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಒಳಪದರ ನಾಶವಾಗುವುದನ್ನು ಅಮೆರಿಕದ ವಿಜ್ಞಾನಿಗಳು ೧೯೭೫ರಲ್ಲಿ ತೋರಿಸಿದರು. ಅದೇ ಕೊರತೆಯಿಂದ ಹೃದಯದ ಸ್ನಾಯು ಸೋಲುವುದೂ, ಟಾರಿನ್ ಕೊಟ್ಟರೆ ಅದು ಮತ್ತೆ ಚೇತರಿಸಿಕೊಳ್ಳುವುದೂ ೧೯೮೭ರಲ್ಲಿ ಸಿದ್ಧವಾಯಿತು. ಎಂದರೆ, ಬರಿಯ ಹಾಲು ಅನ್ನದ ಮೇಲೆ ಸಾಕಿದ ಬೆಕ್ಕು, ಇಲಿ ಹಲ್ಲಿಗಳೂ ಸಿಗದೆ ಮನೆಯೊಳಗೇ ಉಳಿದರೆ, ಕುರುಡಾಗುವ ಸಂಭವವುಂಟು.

ಇದು ನಮಗೆ ನುಂಗಲು ಕಷ್ಟವಾದ ಮಾತಾಗಿತ್ತು. ಮನೆಯಲ್ಲಿ ಹಲವು ರಾತ್ರಿ ಚರ್ಚೆ ನಡೆಯಿತು. ಕೊನೆಗೆ ತಾಯಿಯವರೇ ಒಂದು ದಾರಿ ತೋರಿಸಿದರು. ಶಾಕಾಹಾರ ನಾವು ನಮ್ಮ ಅರಿವಿನಿಂದ ಹಿಡಿದ ವ್ರತ. ಆಯ್ಕೆಯೆಂಬುದೇ ಇಲ್ಲದ ಜೀವದ ಮೇಲೆ ನಮ್ಮ ವ್ರತವನ್ನು ಹೇರಿ ಅದರ ಕಣ್ಣು ಕಳೆಯುವುದು ವ್ರತವೂ ಅಲ್ಲ, ದಯೆಯೂ ಅಲ್ಲ. ದಾಸೋಹವೆಂದರೆ ಬಂದವರಿಗೆ ಬೇಕಾದದ್ದನ್ನು ನೀಡುವುದೇ ಹೊರತು ನಮಗೆ ರುಚಿಸುವುದನ್ನು ನೀಡುವುದಲ್ಲ. ಹೀಗಾಗಿ ಬೆಕ್ಕಿನ ಮರಿಗಳಿಗೆಂದೇ ತಯಾರಾದ, ಎಲ್ಲ ಪೋಷಕಾಂಶಗಳೂ ಕೂಡಿದ ಪೊಟ್ಟಣದ ಆಹಾರವನ್ನು ತರಿಸಿ, ಹಿತ್ತಿಲಿನ ಜಗಲಿಯಲ್ಲಿ ಅದಕ್ಕೊಂದು ಬೇರೆ ತಟ್ಟೆಯಿಟ್ಟೆವು. ಮೊದಲಿಗೆ ಮರಿಹಾಲಿನಲ್ಲಿ ಅದನ್ನು ನೆನೆಸಿ ಮೆತ್ತಗೆ ಮಾಡಿ ಕೊಟ್ಟು, ಎಂಟನೆಯ ವಾರದ ಹೊತ್ತಿಗೆ ಹಾಲನ್ನು ಪೂರ್ತಿ ಬಿಡಿಸಿದೆವು. ಇದು ತಮ್ಮಿಂದಾಗದು ಎನ್ನುವ ಮನೆಗಳೂ ಇರುತ್ತವೆ. ಅದರಲ್ಲಿ ನಾಚಿಕೆಯಿಲ್ಲ. ಅಂಥವರು ಎಂಟು ವಾರ ಸಾಕಿ, ಆಮೇಲೆ ಅದಕ್ಕೆ ತಕ್ಕ ಮನೆಯನ್ನು ಹುಡುಕಿ ಕೊಡಬಹುದು. ಸಾಕಿ ಕುರುಡು ಮಾಡುವುದಕ್ಕಿಂತ ಅದು ಮೇಲು.

ಚೀಲದಲ್ಲಿ ಕಟ್ಟಿ ಬಿಡುವ ಪಾಪ

ತಬ್ಬಲಿ ಮರಿಗಳೆಲ್ಲವೂ ಅಪಘಾತದಿಂದ ತಬ್ಬಲಿಯಾದವಲ್ಲ. ಮನೆಯ ಬೆಕ್ಕು ಈದ ಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆಯ ಬಯಲಿನಲ್ಲೋ ಹಳ್ಳದ ಆಚೆಯೋ ಬಿಟ್ಟು ಬರುವ ರೂಢಿ ನಮ್ಮ ಊರುಗಳಲ್ಲಿ ಇನ್ನೂ ಇದೆ. ಭಕ್ತರ ಮನೆಗಳೂ ಇದಕ್ಕೆ ಹೊರತಲ್ಲ ಎಂಬುದನ್ನು ನೋವಿನಿಂದ ಹೇಳಬೇಕಾಗಿದೆ. ಕೊಲ್ಲಲಿಲ್ಲವಲ್ಲ, ಬಿಟ್ಟು ಬಂದೆವಷ್ಟೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತೇವೆ. ಕಣ್ಣು ತೆರೆಯದ ಮರಿಯನ್ನು ತಾಯಿಯಿಂದ ಅಗಲಿಸಿ ಬಿಡುವುದು ನಿಧಾನವಾಗಿ ಕೊಲ್ಲುವುದೇ ಅಲ್ಲವೆ? ಪ್ರಾಣಿಯೊಂದನ್ನು ಹಸಿವು ನೀರಡಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ತೊರೆಯುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಜೀವಿಗಳಲ್ಲಿ ಅನುಕಂಪ ತೋರುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ೧೯೭೬ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದಲ್ಲಿಯೇ ಬರೆಯಲಾಗಿದೆ.

ಮರಿಗಳು ಬೇಡವೆಂದಾದರೆ ಅದಕ್ಕೆ ಮಾನವೀಯವಾದ ದಾರಿಯಿದೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು. ಸುಮಾರು ಒಂಬತ್ತು ವಾರಗಳಲ್ಲಿ ಈಯುತ್ತದೆ. ವರ್ಷಕ್ಕೆ ಎರಡು ಸಲ, ಕೆಲವೊಮ್ಮೆ ಹೆಚ್ಚು. ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಚೀಲದ ಪ್ರಸಂಗವೇ ಬಾರದು. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಆ ಭಾಗದವರು ಅಲ್ಲಿಯೂ ಸಲಹೆ ಪಡೆಯಬಹುದು.

ನಮ್ಮ ಎರಡು ಮರಿಗಳು ಈಗ ಬೆಳೆದಿವೆ. ಒಂದು ನೆರೆಮನೆಯಲ್ಲಿದೆ. ತಕ್ಕಡಿಯಲ್ಲಿ ೬ ಗ್ರಾಂ ಇಳಿದು ನಮ್ಮನ್ನು ಹೆದರಿಸಿದ್ದು ನಮ್ಮಲ್ಲಿಯೇ ಉಳಿದಿದೆ. ಬೆಳಗಿನ ಪೂಜೆಯ ಹೊತ್ತಿಗೆ ಬಾಗಿಲ ಹೊಸ್ತಿಲಿನಾಚೆ ಕುಳಿತು ಕಾಯುವುದು ಅದರ ನಿತ್ಯದ ಅಭ್ಯಾಸ. ತಾಯಿಯವರು ಒಳಲೆಯನ್ನು ತೊಳೆದು ಮತ್ತೆ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಅದರ ಪಕ್ಕದಲ್ಲಿ ಈಗ ಚಿಕ್ಕ ಮೊಲೆತೊಟ್ಟಿನ ಒಂದು ಬಾಟಲಿಯೂ, ದಿನದಿನದ ತೂಕ ಬರೆದ ಆ ಹಾಳೆಯೂ ಇವೆ. ಹಾಳೆಯ ಮೊದಲ ಸಾಲಿನಲ್ಲಿ ಮೂರು ಮರಿಗಳೆಂದು ಬರೆದದ್ದನ್ನು ನಾವು ಅಳಿಸಿಲ್ಲ.

ಓದುಗ ತಾಯಂದಿರೇ, ಮಹನೀಯರೇ, ಮುಂದಿನ ಮಳೆಗಾಲದಲ್ಲಿ ನಿಮ್ಮ ಅಟ್ಟದಿಂದಲೂ ಅಂಥದೊಂದು ಅಳು ಕೇಳಿಸಬಹುದು. ಆಗ ಹಾಲಿನ ಪಾತ್ರೆಗೆ ಕೈಹಾಕುವ ಮೊದಲು ಆ ಜೀವವನ್ನು ಎದೆಗವಚಿ ಬೆಚ್ಚಗೆ ಮಾಡಿರಿ, ತಿಳಿದವರನ್ನು ಕೇಳಿರಿ, ಆಮೇಲೆ ಹಾಲೂಡಿಸಿರಿ. ದಯೆ ನಮ್ಮ ಮನೆಗಳಲ್ಲಿ ಹೇರಳವಾಗಿದೆ. ಅದರ ಜೊತೆಗೆ ಅರಿವೂ ಇರಲಿ. ಶರಣು ಶರಣಾರ್ಥಿ.